ಕಳಸದ ಮಳೆಯಲ್ಲಿ ಹಳೆಯ ಕೀಬೋರ್ಡ್

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕಳಸದ ದಾರಿ ಹಿಡಿದಾಗ ಮಂಜು ಎಷ್ಟಿತ್ತೆಂದರೆ, ಎದುರಿನ ಬಸ್ಸು ಹಾರ್ನ್ ಹೊಡೆದ ಮೇಲೆಯೇ ಕಂಡಿತು. ನಾನು ಹೊರಟಿದ್ದು ಒಂದು ಕಾಲದ ಆರ್ಕೆಸ್ಟ್ರಾ ವಾದಕರೊಬ್ಬರ ತೋಟದ ಮನೆಗೆ. ಅವರ ಯಮಾಹಾ ಡಿಎಕ್ಸ್7 ಮಾರಾಟಕ್ಕಿತ್ತು.

1983ರಲ್ಲಿ ಬಂದ ಸಿಂಥಸೈಜರ್ ಅದು. 61 ಕೀ, ಒಮ್ಮೆಗೆ 16 ಸ್ವರ. ಒಂದು ಅಲೆಯಿಂದ ಇನ್ನೊಂದರ ಕಂಪನವನ್ನು ಅಲುಗಿಸಿ ನಾದ ಹುಟ್ಟಿಸುವ ಇದರ ವಿದ್ಯೆಯನ್ನು 1967ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಕಂಡುಕೊಂಡಿದ್ದರು. ಅದೇ ನಾದ ಈಗ ಡೆಕ್ಸೆಡ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ. ಹಾಗಿದ್ದೂ ಇಷ್ಟು ದೂರ ಯಾಕೆ? ಗಂಟೆಯಂತೆ ಮೊಳಗುವ ಆ ಪಿಯಾನೋ ದನಿಯನ್ನು ನಾನು ಮೊದಲು ಕೇಳಿದ್ದು ಜಾತ್ರೆಯ ವೇದಿಕೆಯಲ್ಲಿ. ಮೌಸ್ ಉಜ್ಜುತ್ತ ಕೂತಲ್ಲಲ್ಲ.

ರಾಯರು ಕಂಬಳಿ ಸರಿಸಿ ಸ್ವಿಚ್ ಹಾಕಿದರು. ಒಳಗಿನ ನಾದಗಳೆಲ್ಲ ಅಳಿಸಿಹೋಗಿದ್ದವು. ನೆನಪು ಕಾಯುವ ಪುಟ್ಟ ಬ್ಯಾಟರಿ ಸತ್ತಿತ್ತು. ಅದು ದೊಡ್ಡ ಮಾತಲ್ಲ. ಬೆಸುಗೆ ಬಿಡಿಸಿ ಬೇರೆ ಹಾಕಿ, ಕಂಪ್ಯೂಟರಿನಿಂದ ನಾದ ತುಂಬಬಹುದು. ಕಾರ್ಟ್ರಿಜ್ ಸಿಕ್ಕಿಸಿದ ಮೇಲೆ ವಾದ್ಯ ಉಲಿಯಿತು. ಆದರೆ ನಡುವಿನ ನಾಲ್ಕು ಕೀ ಮೂಕ.

"ಇಲ್ಲಿ ಕಾಫಿಬೀಜಕ್ಕೇ ಬೂಷ್ಟು ಬರ್ತದೆ ಮಾರಾಯ್ರೆ, ಇದ್ಯಾವ ಲೆಕ್ಕ!"

ಹಾಗೆಂದವರೇ ನುಡಿಸಲು ಕೂತರು. ಮೂಕ ಕೀಗಳನ್ನು ಬೆರಳು ತಾನಾಗಿ ದಾಟುತ್ತಿತ್ತು, ಅಂಗಳದ ಹಾವಸೆ ಕಲ್ಲನ್ನು ಮನೆಯವರು ದಾಟುವಂತೆ. ನನ್ನ ಬೆರಳಿಗೆ ಆ ಅಭ್ಯಾಸವಿಲ್ಲ. ಬೆಲೆ ಕೇಳುವುದು ಮರೆತೇಹೋಯಿತು.

ಮಳೆಗಾಲ ಮುಗಿದ ಮೇಲೆ ರಿಪೇರಿಯವನೊಬ್ಬನನ್ನು ಕರೆತರುತ್ತೇನೆ ಎಂದೆ, ಮುಂಗಡ ಮಾತ್ರ ಕೊಡಲಿಲ್ಲ. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಮತ್ತೆ ಕಂಬಳಿ ಹೊದಿಸಿ, ಕಾಫಿಗೆ ಹೇಳಿದರು.