ಕ್ಯಾತನಹಳ್ಳಿಯ ಸೀಮೆ

ಕ್ಯಾತನಹಳ್ಳಿಯ ರೈತನಿಗೆ ಪಹಣಿಯಲ್ಲೊಂದು ತಿದ್ದುಪಡಿ ಆಗಬೇಕೆಂದರೆ ಅವನು ಪಾಂಡವಪುರದ ದಾರಿ ಹಿಡಿಯಬೇಕು. ತಹಸೀಲ್ದಾರರ ಕಚೇರಿ ಇರುವುದು ಅಲ್ಲಿ. ಅವರ ಮೇಲಿನ ಉಪವಿಭಾಗಾಧಿಕಾರಿಗಳ ಕಚೇರಿಯೂ ಅಲ್ಲಿಯೇ. ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಈ ಉಪವಿಭಾಗವಾಗಿದೆ. ಕಾಗದದ ಮೇಲೆ ಇದು ಒಂದೇ ಸೀಮೆ. ನೆಲವನ್ನು ಕಣ್ಣಾರೆ ಕಂಡವರಿಗೆ ಮಾತ್ರ ಇಲ್ಲಿ ಎರಡು ಸೀಮೆಗಳು ಗೋಚರಿಸುತ್ತವೆ: ನಾಲೆಯ ನೀರನ್ನು ಉಣ್ಣುವುದೊಂದು, ಮುಗಿಲನ್ನು ನೋಡುತ್ತ ಕುಳಿತಿರುವುದು ಇನ್ನೊಂದು.

ಆಡಳಿತದ ಗೆರೆಗಳು ಈ ನೆಲದ ಮೇಲೆ ಅದೆಷ್ಟೋ ಬಾರಿ ಅಳಿದು ಮೂಡಿವೆ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಶ್ರೀರಾಮಾನುಜರ ಅನುಯಾಯಿಗಳಿಗೆ ಎಂಟು ಗ್ರಾಮಗಳು ದತ್ತಿಯಾಗಿ ದೊರೆತವೆಂದು ಐತಿಹ್ಯ. ಆ 'ಅಷ್ಟಗ್ರಾಮ'ದ ಹೆಸರು ಮುಂದೆ ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿ ಮೈಸೂರು, ಹಾಸನ ಜಿಲ್ಲೆಗಳನ್ನೊಳಗೊಂಡ ಒಂದು ದೊಡ್ಡ ವಿಭಾಗಕ್ಕೇ ಸಂದಿತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರ ದಂಡು ಬೀಡುಬಿಟ್ಟ ಕಾರಣ ಹಿರೋಡೆಯು 'ಫ್ರೆಂಚ್ ರಾಕ್ಸ್' ಎನಿಸಿತು. ಬಳಿಯ ಕುಂತಿಬೆಟ್ಟದ ಪುರಾಣಕಥೆಗೆ ಒಪ್ಪುವಂತೆ ಅದೇ ಊರು ಪಾಂಡವಪುರವಾಯಿತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಏಳು ತಾಲ್ಲೂಕುಗಳನ್ನು ಬೇರ್ಪಡಿಸಿ ಮಂಡ್ಯ ಜಿಲ್ಲೆಯನ್ನು ರಚಿಸಲಾಯಿತು. 2008ರ ಚುನಾವಣೆಯ ವೇಳೆಗೆ ಪಾಂಡವಪುರ ಎಂಬ ವಿಧಾನಸಭಾ ಕ್ಷೇತ್ರದ ಹೆಸರೂ ಹೋಗಿ ಮೇಲುಕೋಟೆ ಎಂದಾಯಿತು.

ಇಷ್ಟೆಲ್ಲ ಗೆರೆಗಳಿಗಿಂತಲೂ ಆಳವಾದುದು ನೀರಿನ ಗೆರೆ. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಕಟ್ಟುವ ಕೆಲಸ ಮೊದಲಾಯಿತು. ಅದರ ಎಡದಂಡೆಯಿಂದ ಹೊರಟ ನಾಲೆಗೆ ಮೊದಲು ಇರ್ವಿನ್ನರ ಹೆಸರು, ಬಳಿಕ ವಿಶ್ವೇಶ್ವರಯ್ಯನವರ ಹೆಸರು. ಅದು ಹರಿದಲ್ಲೆಲ್ಲ ಬತ್ತ ಬೆಳೆಯಿತು, ಕಬ್ಬು ಬೆಳೆಯಿತು. ಎತ್ತರದ ನಾಗಮಂಗಲಕ್ಕೆ ಆ ನೀರು ಏರಲಾರದು. ಹೇಮಾವತಿಯ ನಾಲೆಗಳು ಬಂದ ಮೇಲೂ ಅಲ್ಲಿ ಮಳೆಯನ್ನೇ ನಂಬಿದ ರಾಗಿ, ಹುರುಳಿಯ ಹೊಲಗಳು ಉಳಿದಿವೆ. ಒಬ್ಬರೇ ಅಧಿಕಾರಿಯ ಕೈಕೆಳಗಿನ ಎರಡು ಹೊಲಗಳ ಭಾಗ್ಯವನ್ನು ನೆಲದ ಏರಿಳಿತವೇ ನಿರ್ಧರಿಸಿದೆ.

ನೀರು ಬಂದ ಮಾತ್ರಕ್ಕೆ ರೈತನ ಕಷ್ಟ ಕಳೆಯಲಿಲ್ಲ. ಕನ್ನಂಬಾಡಿ ತುಂಬದ ವರ್ಷ ನಾಲೆಯೂ ಒಣಗುತ್ತದೆ. ಬೆಳೆ ಕೈಸೇರಿದ ವರ್ಷ ಬೆಲೆಯ ಚಿಂತೆ ಕಾಡುತ್ತದೆ. ಈ ಎರಡು ಮಾತುಗಳನ್ನೂ ಬೀದಿಗಿಳಿದು ಕೇಳಿದವರು ಕ್ಯಾತನಹಳ್ಳಿಯವರೇ ಆದ ಕೆ. ಎಸ್. ಪುಟ್ಟಣ್ಣಯ್ಯನವರು. ರೈತ ಸಂಘದ ಈ ನಾಯಕರನ್ನು 1994ರಲ್ಲಿ ಪಾಂಡವಪುರವೂ 2013ರಲ್ಲಿ ಮೇಲುಕೋಟೆಯೂ ಶಾಸನಸಭೆಗೆ ಕಳುಹಿಸಿದವು. 2018ರಲ್ಲಿ ಅವರು ತೀರಿಕೊಂಡರು.

ಕ್ಷೇತ್ರದ ಹೆಸರು ಎರಡಾದರೂ ಅವರು ಪ್ರತಿನಿಧಿಸಿದ ಮಣ್ಣು ಒಂದೇ. ಸೀಮೆಯ ಹೆಸರನ್ನು ದೊರೆಗಳು ಬದಲಿಸಿದರು, ಸರಕಾರಗಳು ಬದಲಿಸಿದವು. ಆದರೆ ಯಾವ ಆಳ್ವಿಕೆ ಬಂದರೂ ಕ್ಯಾತನಹಳ್ಳಿಯ ರೈತ ಅದನ್ನು ಅಳೆಯುವುದು ಒಂದೇ ಅಳತೆಗೋಲಿನಿಂದ: ಗದ್ದೆಯ ಕಡೆಯ ಮಡಿಗೆ ನೀರು ಮುಟ್ಟಿತೇ, ಇಲ್ಲವೇ?