ಮದ್ದುಗುಂಡಿನ ಉಗ್ರಾಣ

ಅಮೆರಿಕದಲ್ಲಿ ಯಾರದೋ ಮನೆಯಲ್ಲಿ 5,000 ತೋಟಾಗಳು ಸಿಕ್ಕವೆಂಬ ಸುದ್ದಿ ಬಂದಾಗಲೆಲ್ಲ ಊರಿನಿಂದ ತಮ್ಮ ಫೋನ್ ಮಾಡುತ್ತಾನೆ. "ಅಣ್ಣಾ, ಅಲ್ಲಿ ಯುದ್ಧ ಏನಾದ್ರೂ ಶುರುವಾಗ್ತದಾ?" ಎನ್ನುತ್ತಾನೆ. ಅವನ ಗಾಬರಿ ಸಹಜವೇ. ಮಲೆನಾಡಿನ ನಮ್ಮ ಮನೆಯಲ್ಲೂ ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಬೆದರಿಸಲೆಂದು ಒಂದು ಜೋಡುನಳಿಗೆ ಕೋವಿ ಇತ್ತು. ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುತ್ತಿತ್ತು. ಕೊಂಡಾಗಲೆಲ್ಲ ಅಂಗಡಿಯವರು ಅದರಲ್ಲಿ ನಮೂದಿಸುತ್ತಿದ್ದರು. ಚುನಾವಣೆ ಬಂತೆಂದರೆ ಕೋವಿಯನ್ನೇ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಿತ್ತು. ಒಂದೊಂದು ತೋಟಾಕ್ಕೂ ಲೆಕ್ಕವಿದ್ದ ಅಂಥ ಮನೆಯಲ್ಲಿ ಬೆಳೆದವನಿಗೆ, ಪೆನ್ಸಿಲ್ವೇನಿಯಾದ ನೆರೆಮನೆಯ ಹಿರಿಯರ ಬೇಸ್‌ಮೆಂಟಿನಲ್ಲಿ ಗೋಡೆಯುದ್ದಕ್ಕೂ ಜೋಡಿಸಿಟ್ಟ ಮದ್ದಿನ ಡಬ್ಬಿಗಳು, ಪ್ರೈಮರ್ ಪೆಟ್ಟಿಗೆಗಳು, ಹಿತ್ತಾಳೆ ಚಿಪ್ಪು ತುಂಬಿದ ಡಬ್ಬಗಳನ್ನು ಕಂಡು ಮಾತೇ ಹೊರಡಲಿಲ್ಲ. ಇಷ್ಟೊಂದು ಯಾಕೆ ಎಂಬ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಆ ಹಿರಿಯರು ಕಟ್ಟಿದ್ದು ಸೇನೆಯನ್ನಲ್ಲ, ಒಂದು ಕಸುಬನ್ನು. ತೋಟಾ ಎಂದರೆ ನಾಲ್ಕು ವಸ್ತುಗಳು: ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಈಡು ಹಾರಿಸಿದಾಗ ಮೂರು ಖರ್ಚಾಗುತ್ತವೆ, ಹಿತ್ತಾಳೆ ಉಳಿಯುತ್ತದೆ. ಅದನ್ನು ತೊಳೆದು, ಒತ್ತುಯಂತ್ರದಲ್ಲಿ ಹಳೆಯ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಹೊಸ ಗುಂಡು ಕೂರಿಸುವುದಕ್ಕೆ ರೀಲೋಡಿಂಗ್ ಎನ್ನುತ್ತಾರೆ. ಒಂದು ಪೌಂಡ್ ಮದ್ದೆಂದರೆ 7,000 ಗ್ರೇನ್. ಜಿಂಕೆ ಬೇಟೆಯ ರೈಫಲ್ಲಿನ ಒಂದು ತೋಟಾಕ್ಕೆ 50 ಗ್ರೇನ್ ಬೇಕೆಂದರೆ ಒಂದು ಪೌಂಡಿನಲ್ಲಿ ಆಗುವುದು 140 ತೋಟಾ ಮಾತ್ರ. ಪ್ರತಿಯೊಂದು ರೈಫಲ್ಲಿಗೂ ಯಾವ ಮದ್ದು, ಎಷ್ಟು ಗ್ರೇನ್, ಯಾವ ಗುಂಡು ಹಿತವೆಂಬುದನ್ನು ಪ್ರಯೋಗ ಮಾಡಿಯೇ ಕಂಡುಕೊಳ್ಳಬೇಕು. ಕಾರ್ಖಾನೆಯ ಒಂದು ಕಂತಿನ ಮದ್ದಿಗೂ ಮುಂದಿನ ಕಂತಿನ ಮದ್ದಿಗೂ ಸಣ್ಣ ವ್ಯತ್ಯಾಸವಿರುತ್ತದೆ. ಕಂತು ಬದಲಾದರೆ ಮತ್ತೆ ಪರೀಕ್ಷೆ ಮಾಡಬೇಕು. ಆದ್ದರಿಂದ ಒಗ್ಗಿದ ಮದ್ದು ಸಿಕ್ಕಾಗ ಎಂಟು ಪೌಂಡಿನ ದೊಡ್ಡ ಡಬ್ಬಿಯನ್ನೇ ತಂದಿಡುತ್ತಾರೆ. ಸಗಟಾಗಿ ಕೊಂಡರೆ ಬೆಲೆಯೂ ಕಡಿಮೆ. ಗುರಿ ಸ್ಪರ್ಧೆಗಳಿಗೆ ಹೋಗುವವರು ವಾರಕ್ಕೆ 200 ಈಡು ಅಭ್ಯಾಸ ಮಾಡಿದರೂ ವರ್ಷಕ್ಕೆ 10,000 ದಾಟುತ್ತದೆ. ಸುದ್ದಿಯಲ್ಲಿ ಬರುವ ಆ 5,000 ತೋಟಾ ಅಂಥವರಿಗೆ ಆರು ತಿಂಗಳಿಗೂ ಸಾಲದು. ಸಂಖ್ಯೆಯೊಂದನ್ನೇ ನೋಡಿ ಮನುಷ್ಯನನ್ನು ಅಳೆಯಬಾರದೆಂದು ತಮ್ಮನಿಗೆ ನಾನು ಹೇಳುವುದು ಇದಕ್ಕೇ.

ಈ ಕಸುಬಿಗೆ ಯುದ್ಧಾನಂತರದ ಮಿತವ್ಯಯದ ಹಿನ್ನೆಲೆಯೂ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರೂಸ್ ಹಾಡ್ಗ್‌ಡನ್ ಎಂಬವರು ಕನ್ಸಾಸ್‌ನಲ್ಲಿ ಸರ್ಕಾರದ ಬಳಿ ಮಿಕ್ಕಿದ್ದ ಮದ್ದನ್ನು ಕೊಂಡು ಬೇಟೆಗಾರರಿಗೆ ಅಗ್ಗವಾಗಿ ಮಾರತೊಡಗಿದರು. ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನಲ್ಲಿ ಜಾಯ್ಸ್ ಹಾರ್ನಡಿ 1949ರಲ್ಲಿ ಗುಂಡು ತಯಾರಿಸುವ ಉದ್ಯಮ ಆರಂಭಿಸಿದರು. ಎರಡೂ ಹೆಸರುಗಳು ಇಂದಿಗೂ ಡಬ್ಬಿಗಳ ಮೇಲಿವೆ.

ಆದರೆ ಕಸುಬು, ಮಿತವ್ಯಯ ಇವೆರಡೇ ಕಾರಣವಾಗಿದ್ದರೆ ಒಂದೆರಡು ವರ್ಷಕ್ಕೆ ಸಾಲುವಷ್ಟು ಇಟ್ಟುಕೊಂಡು ಜನ ಸುಮ್ಮನಾಗುತ್ತಿದ್ದರು. ಅದಕ್ಕೂ ಮೀರಿ ಕೂಡಿಡುವವರ ಮನಸ್ಸಿನಲ್ಲಿರುವುದು ಖಾಲಿ ಅಂಗಡಿಯ ನೆನಪು. 2008ರಲ್ಲಿ ಒಬಾಮ ಅಧ್ಯಕ್ಷ ಚುನಾವಣೆ ಗೆದ್ದಾಗ ಕೋವಿಗಳ ಮೇಲೆ ಹೊಸ ನಿರ್ಬಂಧಗಳು ಬರುತ್ತವೆಂಬ ಭಯದಿಂದ ತೋಟಾಗಳು ಅಂಗಡಿಗಳಿಂದ ಮಾಯವಾದವು. 2012ರ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳೂ 6 ಮಂದಿ ಹಿರಿಯರೂ ಗುಂಡಿಗೆ ಬಲಿಯಾದರು. ದೇಶ ಅಳುತ್ತಿದ್ದಾಗಲೇ ಕಾನೂನು ಬಿಗಿಯಾಗುವ ಮುನ್ನ ಕೊಂಡುಬಿಡೋಣವೆಂದು ಜನ ಅಂಗಡಿಗಳಿಗೆ ಮುಗಿಬಿದ್ದರು. ಮಕ್ಕಳಿಗೆ ಗುರಿ ಹಿಡಿಯುವುದನ್ನು ಕಲಿಸಲು ಬಳಸುವ, ಎಲ್ಲಕ್ಕಿಂತ ಅಗ್ಗದ ಪಾಯಿಂಟ್ 22 ತೋಟಾ ಕೂಡ ವರ್ಷಗಟ್ಟಲೆ ಸರಿಯಾಗಿ ಸಿಗಲಿಲ್ಲ. ಈ ತೋಟಾವನ್ನು ಮನೆಯಲ್ಲಿ ಸುಲಭವಾಗಿ ಮತ್ತೆ ತುಂಬಲೂ ಬರುವುದಿಲ್ಲ.

2020ರ ಕಥೆ ಇನ್ನೂ ದೊಡ್ಡದು. ಕೋವಿಡ್, ಬೀದಿಯ ಗಲಭೆ, ಚುನಾವಣೆ ಮೂರೂ ಒಂದೇ ವರ್ಷದಲ್ಲಿ ಬಂದವು. ಕೋವಿ ಖರೀದಿಗೆ ಸಂಬಂಧಿಸಿದ ಎಫ್‌ಬಿಐ ಹಿನ್ನೆಲೆ ತಪಾಸಣೆಗಳು ಆ ವರ್ಷ 3.9 ಕೋಟಿ ದಾಟಿದವು. ಅದೇ ಬೇಸಿಗೆಯಲ್ಲಿ ರೆಮಿಂಗ್ಟನ್ ಕಂಪನಿ ದಿವಾಳಿಯಾಯಿತು. ಅಮೆರಿಕದಲ್ಲಿ ಪ್ರೈಮರ್ ತಯಾರಿಸುವ ದೊಡ್ಡ ಹೆಸರುಗಳು ನಾಲ್ಕೇ, ರೆಮಿಂಗ್ಟನ್ ಅವುಗಳಲ್ಲೊಂದು. ಬೇಡಿಕೆ ಏರಿದಾಗ ಕಾರ್ಖಾನೆಗಳು ಪ್ರೈಮರುಗಳನ್ನು ಮೊದಲು ತಮ್ಮದೇ ಸಿದ್ಧ ತೋಟಾಗಳಿಗೆ ಬಳಸುತ್ತವೆ. ಬಿಡಿಯಾಗಿ ಮಾರಲು ಉಳಿಯುವುದು ಕಡಿಮೆ. ಹಾಗಾಗಿ ಬರದ ಪೆಟ್ಟು ಎಲ್ಲರಿಗಿಂತ ಹೆಚ್ಚಾಗಿ ಬೀಳುವುದು ರೀಲೋಡಿಂಗ್ ಮಾಡುವವರಿಗೇ. ಮೊದಲು 30 ಡಾಲರಿನ ಆಸುಪಾಸಿನಲ್ಲಿದ್ದ ಸಾವಿರ ಪ್ರೈಮರುಗಳ ಪೆಟ್ಟಿಗೆ ಮರುಮಾರಾಟದಲ್ಲಿ 100 ಡಾಲರ್ ಮೀರಿತು. 2021ರಲ್ಲಿ ರಷ್ಯಾದ ಅಗ್ಗದ ತೋಟಾಗಳ ಆಮದಿಗೆ ಹೊಸ ಪರವಾನಗಿ ಕೊಡುವುದು ನಿಂತಿತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ಫಿರಂಗಿಗಳ ಹಸಿವು ಹೆಚ್ಚಾದಾಗ, ಮದ್ದಿನ ಮೂಲವಸ್ತುವಾದ ನೈಟ್ರೋಸೆಲ್ಯುಲೋಸ್‌ಗೂ ಎಳೆದಾಟ ಬಂತು. ಇಷ್ಟನ್ನೆಲ್ಲ ಒಂದರ ಹಿಂದೊಂದು ಕಂಡವರಿಗೆ ನಾಳೆಯ ಅಂಗಡಿಯ ಮೇಲೆ ನಂಬಿಕೆ ಉಳಿಯದಿದ್ದರೆ ಅದು ಅವರ ಹುಚ್ಚಲ್ಲ.

ಮಲೆನಾಡಿನಲ್ಲಿ ಮುಂಗಾರಿಗೆ ಮುಂಚೆ ಸೌದೆ, ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಕೂಡಿಡುತ್ತೇವೆ. ಮೊದಮೊದಲು ಈ ಉಗ್ರಾಣವೂ ಅಂಥದ್ದೇ ಎಂದು ನನಗನ್ನಿಸಿತ್ತು. ಯೋಚಿಸಿದಷ್ಟೂ ವ್ಯತ್ಯಾಸ ದೊಡ್ಡದಾಗುತ್ತಾ ಬಂತು. ನಾವು ಸೌದೆ ಒಟ್ಟಿದ್ದರಿಂದ ಮಳೆಯೇನೂ ಹೆಚ್ಚು ಸುರಿಯುವುದಿಲ್ಲ. ಮದ್ದುಗುಂಡಿನ ವಿಷಯದಲ್ಲಿ ಮಾತ್ರ ಒಬ್ಬೊಬ್ಬರೂ ಮುಂಜಾಗ್ರತೆಯೆಂದು ನಾಲ್ಕು ಪೆಟ್ಟಿಗೆ ಹೆಚ್ಚಿಗೆ ಒಯ್ದರೆ, ಯಾವ ಬರಕ್ಕೆ ಹೆದರಿದ್ದರೋ ಅದೇ ಬರ ಅಂದು ಸಂಜೆಯೇ ಎದುರು ನಿಲ್ಲುತ್ತದೆ. ಮಳೆಗಾಲ ನಾಲ್ಕು ತಿಂಗಳಿಗೆ ಮುಗಿಯುತ್ತದೆಂಬ ಲೆಕ್ಕವಾದರೂ ನಮಗಿದೆ. ಈ ಭಯಕ್ಕೆ ಅಂಥ ಗಡುವಿಲ್ಲ, ಹಾಗಾಗಿ ಸಾಕು ಎನ್ನುವ ಅಳತೆಯೂ ಇಲ್ಲ. ಮೊದಲ ಬಾರಿ ಜಿಂಕೆ ಬೇಟೆಗೆ ಹೊರಟ ಹುಡುಗನಿಗೆ, ಆತ್ಮರಕ್ಷಣೆಗೆಂದು ಪಿಸ್ತೂಲು ಕೊಂಡು ಒಂದೇ ಪೆಟ್ಟಿಗೆ ತೋಟಾ ಕೇಳುವ ಹೆಂಗಸಿಗೆ ಅಂಗಡಿಯವನು ಇಲ್ಲವೆಂದು ಕೈಯಾಡಿಸುವಾಗ, ಅವರ ಪಾಲು ಯಾರದೋ ಬೇಸ್‌ಮೆಂಟಿನಲ್ಲಿ ಬಿದ್ದಿರುತ್ತದೆ.

ಉಗ್ರಾಣ ಬೆಳೆದಂತೆ ಹೊಣೆಯೂ ಬೆಳೆಯುತ್ತದೆ. ಬೆಂಕಿ ಬಿದ್ದಾಗ ಬಿಡಿ ತೋಟಾ ಸಿಡಿಯುತ್ತದೆ. ಆದರೆ ನಳಿಗೆಯೊಳಗೆ ಇಲ್ಲದಿರುವುದರಿಂದ ಗುಂಡಿಗೆ ಕೋವಿಯಿಂದ ಹೊರಟಾಗಿನ ವೇಗ ಬರುವುದಿಲ್ಲ. ಪ್ರೈಮರುಗಳು ಹಾಗಲ್ಲ. ಒಂದೆಡೆ ರಾಶಿ ಹಾಕಿದರೆ ಒಂದರಿಂದ ಇನ್ನೊಂದಕ್ಕೆ ಹಬ್ಬಿ ಎಲ್ಲವೂ ಒಟ್ಟಿಗೆ ಸ್ಫೋಟಗೊಳ್ಳಬಲ್ಲವು. ಆದ್ದರಿಂದಲೇ ಅಮೆರಿಕದ ಅಗ್ನಿಸುರಕ್ಷತಾ ಸಂಹಿತೆ ಮನೆಗಳಲ್ಲಿ 10,000 ಪ್ರೈಮರುಗಳ ಮಿತಿ ಹಾಕಿದೆ; ಮದ್ದು 20 ಪೌಂಡ್ ಮೀರಿದರೆ ದಪ್ಪ ಹಲಗೆಯ ಪೆಟ್ಟಿಗೆಯಲ್ಲಿಡಬೇಕು ಎನ್ನುತ್ತದೆ. ಹಳತಾಗಿ ಕೆಟ್ಟ ಮದ್ದಿಗೆ ಕಟುವಾದ ಹುಳಿವಾಸನೆ ಬರುತ್ತದೆ, ಕೆಂಗಂದು ಹೊಗೆ ಏಳುತ್ತದೆ. ಅದನ್ನು ಗುರುತಿಸಬಲ್ಲ ಯಜಮಾನ ತೀರಿಕೊಂಡರೆ ಹೆಂಡತಿ ಮಕ್ಕಳ ಪಾಲಿಗೆ ಉಳಿಯುವುದು ಮುಟ್ಟಲೂ ಆಗದ, ಎಸೆಯಲೂ ಆಗದ ಆಸ್ತಿ.

ಕಸುಬಿಗೆಂದು ಕೂಡಿಟ್ಟವರನ್ನು ನಾನು ಗೌರವಿಸುತ್ತೇನೆ. ಭಯಕ್ಕೆ ಕೂಡಿಟ್ಟವರ ಬಗ್ಗೆ ಮರುಕಪಡುತ್ತೇನೆ. ಮಾರಿ ಲಾಭ ಮಾಡಲೆಂದು ಪೆಟ್ಟಿಗೆಗಟ್ಟಲೆ ಬಾಚಿಕೊಂಡವರದು ಮಾತ್ರ ತಪ್ಪು ಎಂದೇ ಹೇಳುತ್ತೇನೆ. ಅಮೆರಿಕದಲ್ಲಿರುವ ಕನ್ನಡಿಗರಲ್ಲೂ ಕೋವಿ ಕೊಂಡವರಿದ್ದಾರೆ, ಇನ್ನು ಮುಂದೆ ಕೊಳ್ಳುವವರೂ ಇರುತ್ತಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಅಂಗಡಿ ತುಂಬಿರುವಾಗ ಅಗತ್ಯಕ್ಕೆ ತಕ್ಕಷ್ಟು ಸ್ವಲ್ಪಸ್ವಲ್ಪವೇ ಕೊಳ್ಳಿ, ಗಾಬರಿಯ ದಿನ ಅಂಗಡಿಗೆ ಹೋಗಬೇಡಿ, ಇಟ್ಟದ್ದಕ್ಕೆ ಬೀಗ ಹಾಕಿ, ಎಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಮನೆಯವರಿಗೆ ಬರೆದು ತಿಳಿಸಿ.