ಶಂಶಾಬಾದಿನಲ್ಲಿ ನಮ್ಮ ಮನೆಯ ಓದು

ಶಂಶಾಬಾದ್ ಎಂದೊಡನೆ ಎಲ್ಲರ ಕಣ್ಣೂ ಆಕಾಶದ ಕಡೆಗೆ ಹೋಗುತ್ತದೆ. 2008ರ ಮಾರ್ಚ್ ತಿಂಗಳಲ್ಲಿ ಇಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಬಂಧುಬಳಗದವರು ಎಷ್ಟೋ ಜನ ಈ ಊರನ್ನು ಹಾದು ಹೋಗಿದ್ದಾರೆ. ಆದರೆ ಇಲ್ಲಿ ಬಾಡಿಗೆ ಮನೆ ಹಿಡಿದು, ಹಾಲು ತರಕಾರಿ ಕೊಂಡು, ಸಂಜೆ ದೇವರಿಗೆ ದೀಪ ಹಚ್ಚುವ ಜನರೂ ಇದ್ದಾರೆಂಬುದು ಅವರಲ್ಲಿ ಹೆಚ್ಚಿನವರಿಗೆ ಹೊಳೆದಂತಿಲ್ಲ. ನಾವು ಅಂಥ ಜನ. ನಗರದೊಳಗಿನ ಬಾಡಿಗೆ ನನ್ನಂಥ ಗುಮಾಸ್ತನ ಸಂಬಳಕ್ಕೆ ಎಟುಕದೆ ಇಲ್ಲಿಗೆ ಬಂದು ನಾಲ್ಕು ವರ್ಷವಾಯಿತು.

ಊರು ಹಳೆಯದು. ಪಾಯಿಗಾ ಮನೆತನದ ಶಂಸ್-ಉಲ್-ಉಮ್ರಾ ಎಂಬ ಬಿರುದಿನಿಂದ ಇದಕ್ಕೆ ಹೆಸರು ಬಂದಿದೆ. ರೈಲು ನಿಲ್ದಾಣದ ಹೆಸರು ಮಾತ್ರ ಉಮ್ದಾನಗರ. ಹೊಸಬರು ಶಂಶಾಬಾದ್ ಎಂಬ ಬೋರ್ಡು ಹುಡುಕುತ್ತಾ ಕುಳಿತು ಮುಂದಕ್ಕೆ ಹೋಗಿಬಿಡುವುದೂ ಉಂಟು. ಹತ್ತಿರದ ನರ್ಕುಡದಲ್ಲಿ ಅಮ್ಮಪಲ್ಲಿ ಸೀತಾರಾಮಚಂದ್ರಸ್ವಾಮಿಯ ಪುರಾತನ ಗುಡಿಯಿದೆ. ಅದರ ಎತ್ತರದ ಗೋಪುರವೂ ಕಲ್ಲುಮೆಟ್ಟಲಿನ ಕೊಳವೂ ತೆಲುಗು ಸಿನಿಮಾದವರಿಗೆ ಅಚ್ಚುಮೆಚ್ಚು. ಇವೆಲ್ಲಕ್ಕಿಂತ ನಮಗೆ ಮುಖ್ಯವಾದುದು ಹೆದ್ದಾರಿ. ಹೈದರಾಬಾದಿನಿಂದ ಬೆಂಗಳೂರಿಗೆ ಹೋಗುವ ದಾರಿಯೂ, ಮಹಬೂಬನಗರದ ಮೇಲೆ ರಾಯಚೂರಿಗೆ ಹೋಗುವ ದಾರಿಯೂ ಇಲ್ಲಿ ಒಂದೇ. ಆದುದರಿಂದ ಹಣೆಯ ಮೇಲೆ ಕನ್ನಡ ಬರೆದುಕೊಂಡ ಬಸ್ಸುಗಳು ಹಗಲೂ ರಾತ್ರಿ ನಮ್ಮೂರನ್ನು ಹಾದು ಹೋಗುತ್ತವೆ. ನನ್ನ ಮಗಳು ಮೊಟ್ಟಮೊದಲು ಓದಿದ ಕನ್ನಡವೆಂದರೆ 'ರಾಯಚೂರು'. ಪುಸ್ತಕದಲ್ಲಿ ಓದಿದುದಲ್ಲ, ಬಸ್ಸಿನ ಮೇಲೆ.

ನಮ್ಮ ಪತ್ರಿಕೆಗೆ 'ಈಚೆಗೆ ಏನು ಓದುತ್ತಿದ್ದೀರಿ, ಬರೆದುಕೊಡಿ' ಎಂದು ಸಂಘದ ಹಿರಿಯರು ಕೇಳಿದಾಗ ನನಗೆ ಒಳಗೊಳಗೇ ನಾಚಿಕೆಯಾಯಿತು. ಒಂದು ವರ್ಷದ ಹಿಂದೆ ಕೇಳಿದ್ದರೆ 'ಏನೂ ಇಲ್ಲ' ಎಂದು ಬರೆಯಬೇಕಾಗಿತ್ತು. ಬಿ.ಎ.ದಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿದವನು ನಾನು. ನೌಕರಿ ಸಿಕ್ಕಿದ ಮೇಲೆ ಕಡತಗಳ ಹೊರತು ಬೇರೆ ಓದು ನಿಂತೇಹೋಗಿತ್ತು. ಅದು ಬದಲಾದುದು 2025ರ ಮೇ ತಿಂಗಳಲ್ಲಿ, ಒಂದು ಸುಳ್ಳಿನಿಂದ.

ಆ ತಿಂಗಳು ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತು. ಅನುವಾದಿಸಿದವರು ಮಡಿಕೇರಿಯ ದೀಪಾ ಭಾಸ್ತಿ. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಬಂದುದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದುದೂ ಅದೇ ಮೊದಲು. ಕಛೇರಿಯಲ್ಲಿ ಊಟದ ಹೊತ್ತಿಗೆ ನಮ್ಮ ತೆಲುಗು ಮಿತ್ರರೊಬ್ಬರು ಡಬ್ಬಿ ತೆರೆಯುತ್ತಾ, "ಏಮಂಡಿ, ನಿಮ್ಮ ಕನ್ನಡಕ್ಕೆ ದೊಡ್ಡ ಬಹುಮಾನ ಬಂತಲ್ಲ, ಆ ಕಥೆಗಳು ಹೇಗಿವೆ?" ಎಂದು ಕೇಳಿದರು. ನಾನು ಒಂದು ಸಾಲನ್ನೂ ಓದಿರಲಿಲ್ಲ. "ಬಹಳ ಚೆನ್ನಾಗಿವೆ" ಎಂದೆ. ಅವರು ಬಿಡಬೇಕಲ್ಲ! "ಒಂದು ಕಥೆ ಹೇಳಿ ನೋಡೋಣ" ಎಂದರು. ಅಷ್ಟರಲ್ಲಿ ಸಾಹೇಬರ ಕರೆ ಬಂದುದರಿಂದ ಮಾನ ಉಳಿಯಿತು.

ಆ ವಾರವೇ ನನ್ನ ಹೆಂಡತಿಯ ತಮ್ಮನಿಗೆ ಫೋನು ಮಾಡಿದೆ. ಅವನು ರಾಯಚೂರಿನಲ್ಲಿ ವ್ಯಾಪಾರ ಮಾಡುತ್ತಾನೆ. ತಿಂಗಳಿಗೊಮ್ಮೆ ಹೈದರಾಬಾದಿಗೆ ಬರುವಾಗ ಶಂಶಾಬಾದಿನಲ್ಲಿ ಇಳಿದು, ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿಯ ಚೀಲ ಕೊಟ್ಟು, ನಿಂತ ನಿಲುವಿನಲ್ಲೇ ಚಹ ಕುಡಿದು ಮುಂದಿನ ಬಸ್ಸು ಹಿಡಿಯುತ್ತಾನೆ. "ಭಾವಾ, ಪುಸ್ತಕ ಬೇಕಂದ್ರ ಈಗ ಮನೀಗೇ ಬರ್ತಾವಲ್ಲ, ಬಸ್ಸಿನ್ಯಾಗ ಯಾಕ ಹೊರಸ್ತೀರಿ?" ಎಂದು ನಕ್ಕ. ನಿಜ, ಬೆರಳಿನಿಂದ ಒತ್ತಿದರೆ ಈಗ ಪುಸ್ತಕ ಬಾಗಿಲಿಗೆ ಬರುತ್ತದೆ. ಆದರೆ ಏನನ್ನು ತರಿಸಬೇಕೆಂದು ತಿಳಿಯದವನಿಗೆ ಬೆರಳಿದ್ದು ಏನು ಪ್ರಯೋಜನ? ಅವನು ಅಂಗಡಿಯವರನ್ನು ಕೇಳಿ, ಅಕ್ಕನನ್ನು ಕೇಳಿ, ಮೂರು ಪುಸ್ತಕ ತಂದ: ಬಾನು ಮುಷ್ತಾಕರ 'ಹಸೀನಾ ಮತ್ತು ಇತರ ಕಥೆಗಳು', ಶಿವರಾಮ ಕಾರಂತರ 'ಬೆಟ್ಟದ ಜೀವ', ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'. ಜೋಳದ ಹಿಟ್ಟು ಮೂರಕ್ಕೂ ಸ್ವಲ್ಪ ಸ್ವಲ್ಪ ಮೆತ್ತಿತ್ತು.

ಮೊದಲನೆಯದನ್ನು ನಾನು ರೈಲಿನಲ್ಲಿ ಓದಿದೆ. 2023ರ ಏಪ್ರಿಲ್‌ನಲ್ಲಿ ನಗರದ ಲೋಕಲ್ ರೈಲಿನ ಮಾರ್ಗ ಫಲಕ್‌ನುಮಾದಿಂದ ಉಮ್ದಾನಗರದವರೆಗೆ ಬಂದಿತು. ಬುದ್ವೇಲ್ ದಾಟಿ, ಫಲಕ್‌ನುಮಾ, ಯಾಕುತ್‌ಪುರ, ಡಬೀರ್‌ಪುರ, ಮಲಕ್‌ಪೇಟೆ ಮುಗಿಸಿ ಕಾಚಿಗುಡದಲ್ಲಿ ಇಳಿಯುವುದರೊಳಗೆ ಒಂದು ಕಥೆ ನಿಶ್ಚಿಂತೆಯಾಗಿ ಮುಗಿಯುತ್ತದೆ. 'ಕರಿ ನಾಗರಗಳು' ಓದಿದ ದಿನ ಮಾತ್ರ ಕಾಚಿಗುಡ ಬಂದುದೇ ತಿಳಿಯಲಿಲ್ಲ. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ನ್ಯಾಯಕ್ಕಾಗಿ ಮಸೀದಿಯ ಮುತವಲ್ಲಿಯ ಮುಂದೆ ನಿಲ್ಲುವ ಕಥೆ ಅದು. ಗಿರೀಶ ಕಾಸರವಳ್ಳಿಯವರ 'ಹಸೀನಾ' ಚಿತ್ರಕ್ಕೆ ಆಧಾರವಾದುದು ಇದೇ. ಇಂಥ ಕಥೆಗಳಲ್ಲಿ ಬರುವ ಜಮಾತು, ಮುತವಲ್ಲಿ ಎಂಬ ಮಾತುಗಳಿಗೆ ಮೈಸೂರಿನ ಕಡೆಯ ಓದುಗ ಒಂದು ಗಳಿಗೆ ತಡೆಯಬಹುದು. ಹೈದರಾಬಾದಿನ ನೀರು ಕುಡಿದ ನಮಗೆ ಅವು ಮನೆಯ ಮಾತುಗಳು. ಬೀದರ, ಕಲಬುರ್ಗಿ, ರಾಯಚೂರುಗಳಿಗೆ 1956ರ ನವೆಂಬರ್ 1ರವರೆಗೆ ರಾಜಧಾನಿ ಈ ನಗರವೇ ಅಲ್ಲವೆ? ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇರುವುದು ಆ ನಂಟಿನಿಂದಲೇ. ಮಿತ್ರರಿಗೆ ಮಾರನೆಯ ದಿನ ಕಥೆ ಹೇಳಿದೆ. ಮೊದಲ ದಿನದ ಸುಳ್ಳನ್ನೂ ಒಪ್ಪಿಕೊಂಡೆ. "ಅದು ನನಗೆ ಅಂದೇ ಗೊತ್ತಾಗಿತ್ತು, ಬಿಡಿ" ಎಂದರು.

ಇನ್ನು 'ಫಣಿಯಮ್ಮ'ನ ವಿಚಾರ. ನಾನು ಹೇಳಬೇಕೆಂದಿರುವುದು ನಿಜವಾಗಿ ಇದನ್ನೇ.

ಆ ಪುಸ್ತಕ ಬೇಕೆಂದು ಹೇಳಿಕಳಿಸಿದವಳು ನಮ್ಮ ಅವ್ವ. ಹಿಂದೆ ಊರಿನಲ್ಲಿದ್ದಾಗ ತ್ರಿವೇಣಿ, ಇಂದಿರಾ ಅವರ ಕಾದಂಬರಿಗಳನ್ನು ಒಲೆಯ ಮುಂದೆ ಕುಳಿತು ಓದುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಇಲ್ಲಿಗೆ ಕರೆತಂದೆ. ಇಲ್ಲಿ ಅವಳಿಗೆ ಮಾತನಾಡಲು ನೆರೆಯವರಿಲ್ಲ, ಕೂಡಲು ಕಟ್ಟೆಯಿಲ್ಲ. ಸಾಲದುದಕ್ಕೆ ಎರಡು ಕಣ್ಣಿಗೂ ಪೊರೆ ಬಂದು ಅಕ್ಷರ ಕಾಣದಾಯಿತು. "ರಾತ್ರಿ ಊಟ ಆದ ಮ್ಯಾಲೆ ಒಂದೆರಡು ಹಾಳಿ ಓದಿ ಹೇಳೋ" ಎಂದಳು. ನಾನು 'ಆಗಲಿ' ಎಂದೆ. ಎರಡು ರಾತ್ರಿ ಓದಿದೆ. ಮೂರನೆಯ ರಾತ್ರಿ ತಲೆನೋವು, ನಾಲ್ಕನೆಯ ರಾತ್ರಿ ಕಛೇರಿಯ ಲೆಕ್ಕ. ಐದನೆಯ ರಾತ್ರಿ ಅವಳು ಕೇಳಲಿಲ್ಲ.

ಕೇಳದೆ ಇದ್ದುದು ನನಗೆ ಅನುಕೂಲವಾಗಿಯೇ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಪುಸ್ತಕವನ್ನು ಕೈಗೆತ್ತಿಕೊಂಡವಳು ಆರನೆಯ ತರಗತಿಯ ಮಗಳು. ಶಾಲೆಯಲ್ಲಿ ಅವಳಿಗೆ ತೆಲುಗು, ಹಿಂದಿ, ಇಂಗ್ಲಿಷು. ಕನ್ನಡ ಮನೆಯ ಮಾತು ಮಾತ್ರ. ಆದರೆ ಕನ್ನಡ ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳಷ್ಟೆ. ಬಹುಪಾಲು ಅಕ್ಷರಗಳನ್ನು ಅವಳು ತೆಲುಗಿನ ಗುರುತಿನಿಂದಲೇ ಹಿಡಿದಳು. ತೆಲುಗಿನ ತಲೆಕಟ್ಟು ನಾವು ಕಾಗದದಲ್ಲಿ ಸರಿಯೆಂದು ಹಾಕುವ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ, ನಮ್ಮದು ಅಡ್ಡಲಾಗಿ ಮಲಗುತ್ತದೆ. ಇದನ್ನು ಹೇಳಿಕೊಟ್ಟ ಮೇಲೆ ಎಡವಿದುದು ಕ, ತ, ಶ ಇಂಥ ಕೆಲವಕ್ಕೆ. ಎಲ್ಲಕ್ಕಿಂತ ಹೆಚ್ಚಾಗಿ ದೀರ್ಘಕ್ಕೆ. ನಾವು ಅಕ್ಷರದ ಮುಂದೆ ಬೇರೆಯಾಗಿ ಇಡುವ ದೀರ್ಘದ ಕೊಂಬು ತೆಲುಗಿನಲ್ಲಿಲ್ಲ. ಆದುದರಿಂದ ಅದನ್ನು ಕಂಡೂ ಕಾಣದಂತೆ ಹಾರಿಬಿಡುತ್ತಿದ್ದಳು. ಅಭ್ಯಾಸಕ್ಕೆಂದು ನಾನು ಬರೆದುಕೊಟ್ಟಿದ್ದ 'ಎಮ್ಮೆಯ ಕೋಡು' ಎಂಬುದನ್ನು 'ಎಮ್ಮೆಯ ಕೊಡು' ಎಂದು ಓದಿದಾಗ ಅವ್ವ, "ಯಾರಿಗ ಕೊಡಬೇಕಂತವ್ವಾ, ನಮ್ಮನ್ಯಾಗ ಎಮ್ಮೀನ ಇಲ್ಲಲ್ಲ?" ಎಂದಳು. ಆ ವಾರವೆಲ್ಲ ಮನೆಯಲ್ಲಿ ಅದೇ ನಗೆ.

ಹೀಗೆ ದಿನಕ್ಕೆ ಒಂದು ಪುಟ, ಎರಡು ಪುಟ. ಭಾನುವಾರ ಅಮ್ಮಪಲ್ಲಿಗೆ ಹೋದರೆ ಕೊಳದ ಮೆಟ್ಟಲಿನ ಮೇಲೆ ನಾಲ್ಕು ಪುಟ. ಸೊಗಸೆಂದರೆ, ಇಂದಿರಾ ಅವರು ತೀರ್ಥಹಳ್ಳಿಯ ಕಡೆಯವರು. ಕಥೆ ನಡೆಯುವುದು ಮಲೆನಾಡಿನಲ್ಲಿ. ಅಡಿಕೆಯ ತೋಟವೆಂದರೇನು, ತಿಂಗಳುಗಟ್ಟಲೆ ಬಿಡದ ಮಳೆಯೆಂದರೇನು, ರಾಯಚೂರಿನ ಬಿಸಿಲಿನಲ್ಲಿ ಬೆಳೆದ ಅವ್ವನಿಗೂ ಅಷ್ಟಕ್ಕಷ್ಟೇ. ಮೊಮ್ಮಗಳು ಅಕ್ಷರ ಹೇಳುವುದು, ಅಜ್ಜಿ ಅರ್ಥ ಹೇಳುವುದು. ಅಜ್ಜಿಗೂ ತಿಳಿಯದಿದ್ದಾಗ ಇಬ್ಬರೂ ಸೇರಿ ನನ್ನ ಹೆಂಡತಿಯನ್ನು ಅಡುಗೆಮನೆಯಿಂದ ಕೂಗುವುದು.

ಈ ಕಾದಂಬರಿ 1976ರದು. ನಿಜವಾಗಿ ಬಾಳಿದ ಹೆಂಗಸೊಬ್ಬಳ ಬದುಕನ್ನು ಇಂದಿರಾ ಅವರು ತಮ್ಮ ತಾಯಿಯಿಂದ ಕೇಳಿ ಬರೆದುದು. ಇನ್ನೂ ಆಟದ ವಯಸ್ಸಿನಲ್ಲಿ ಮದುವೆಯಾಗಿ, ಅದೇ ವಯಸ್ಸಿನಲ್ಲಿ ವಿಧವೆಯಾಗಿ, ನೂರು ದಾಟಿ ಬದುಕಿದವಳ ಕಥೆ. ಆ ಪ್ರಸಂಗ ಬಂದ ರಾತ್ರಿ ಮಗಳು ಓದು ನಿಲ್ಲಿಸಿ, "ಅಜ್ಜೀ, ನನಗಿಂತ ಸಣ್ಣಾಕೀನಾ?" ಎಂದು ಕೇಳಿದ್ದು ನನಗೆ ಪಕ್ಕದ ಕೋಣೆಗೆ ಕೇಳಿಸಿತು. ಅವ್ವ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನಮ್ಮ ಸೋದರತ್ತಿ ಒಬ್ಬಾಕಿ ಹಿಂಗ ಇದ್ದಳವ್ವಾ" ಎಂದಳು.

ಆ ಮುದುಕಿಯನ್ನು ನಾನು ನೋಡಿದ್ದೇನೆ. ಅಜ್ಜನ ಮನೆಯ ಹಿತ್ತಲ ಕಡೆಯ ಕೋಣೆಯಲ್ಲಿ, ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಹೊದ್ದು, ಯಾವಾಗಲೂ ಬತ್ತಿ ಹೊಸೆಯುತ್ತಾ ಕುಳಿತಿರುತ್ತಿದ್ದಳು. ಮಕ್ಕಳಾದ ನಮಗೆ ಆಕೆ ಹುಟ್ಟಿದಾಗಿನಿಂದಲೇ ಮುದುಕಿ. ಮದುವೆಯ ದಿನ ಬೆಲ್ಲದ ಉಂಡೆಗಾಗಿ ಅತ್ತದ್ದೊಂದೇ ಆಕೆಗೆ ನೆನಪಿದ್ದುದು, ಗಂಡನ ಮುಖ ನೆನಪಿರಲಿಲ್ಲ ಎಂಬುದನ್ನು ಅವ್ವ ಆ ರಾತ್ರಿ ಮೊಮ್ಮಗಳಿಗೆ ಹೇಳಿದಳು. ಮೂವತ್ತೈದು ವರ್ಷ ಅವಳ ಮಗನಾಗಿದ್ದು ನಾನು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ, ನಾನು ಕೇಳಲಿಲ್ಲ. ಆ ರಾತ್ರಿ ನನ್ನ ಕೈಯಲ್ಲಿ 'ಬೆಟ್ಟದ ಜೀವ'ವಿತ್ತು. ಮನೆ ಬಿಟ್ಟು ಹೋದ ಮಗನ ದಾರಿ ಕಾಯುವ ಮುದಿ ದಂಪತಿಗಳ ಮಾತನ್ನು ಕಾರಂತರು 1943ರಲ್ಲಿ ಬರೆದಿದ್ದಾರೆ. ನಾನಾದರೋ ಮನೆಯಲ್ಲೇ ಇದ್ದೆ. ಆದರೂ ಪುಟ ಮುಂದಕ್ಕೆ ಸರಿಯಲಿಲ್ಲ.

ದಸರೆಗೆ ಮುಂಚೆ ಅವ್ವನ ಒಂದು ಕಣ್ಣಿನ ಪೊರೆ ತೆಗೆಸಿದೆವು. ಕೆಲವು ದಿನ ಔಷಧಿಯ ಹನಿ, ಕಪ್ಪು ಕನ್ನಡಕ. ಕೊನೆಗೆ ಓದುವ ಕನ್ನಡಕವೂ ಬಂದಿತು. ಅಂದು ಮನೆಯಲ್ಲಿ ಎಲ್ಲರಿಗೂ ಸಂತೋಷ. ಮಾರನೆಯ ಸಂಜೆ ಮಗಳು ಎಂದಿನಂತೆ ಪುಸ್ತಕ ತೆಗೆದು, ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ಟನ್ನು ಎತ್ತಿದರೆ, ಅಜ್ಜಿ ಮೆಲ್ಲಗೆ, "ಅದು ಮುಗೀತವ್ವಾ. ನಿನ್ನೆ ರಾತ್ರಿ ನಿದ್ದಿ ಬರಲಿಲ್ಲ, ಓದಿಬಿಟ್ಟೆ" ಎಂದಳು. ಇನ್ನೂ ಅರವತ್ತು ಪುಟವಿತ್ತು. ಹುಡುಗಿ ಒಂದು ಮಾತೂ ಆಡದೆ ಪುಸ್ತಕವನ್ನು ಮಂಚದ ಮೇಲಿಟ್ಟು ಮಹಡಿಯ ಮೇಲಕ್ಕೆ ಹೋಗಿ, ಇಳಿದು ಬರುವ ವಿಮಾನಗಳ ದೀಪ ನೋಡುತ್ತಾ ನಿಂತಳು. ಊಟಕ್ಕೆ ಕರೆದರೆ ಬರಲಿಲ್ಲ. "ಅಜ್ಜಿಗೆ ಇನ್ನ ನಾ ಯಾಕ ಬೇಕು?" ಎಂದು ತಾಯಿಯ ಮುಂದೆ ಅತ್ತಳಂತೆ.

ಎರಡು ವಾರ ಮನೆಯಲ್ಲಿ ಕನ್ನಡದ ಓದು ನಿಂತಿತು. ಅವ್ವ ಹೊಸ ಕಣ್ಣಿನಿಂದ ಪಂಚಾಂಗ, ಔಷಧಿಯ ಚೀಟಿ, ಬೆಲ್ಲ ಕಟ್ಟಿ ಬಂದ ಹಳೆಯ ಪತ್ರಿಕೆಯ ತುಂಡು, ಎಲ್ಲವನ್ನೂ ಓದಿದಳು. ಕಾದಂಬರಿಯ ತಂಟೆಗೆ ಹೋಗಲಿಲ್ಲ. ನಾನು ಮಧ್ಯಸ್ಥಿಕೆಗೆ ಹೊರಟರೆ ನನ್ನ ಹೆಂಡತಿ, "ನೀವು ಸುಮ್ಮನಿರ್ರಿ, ಎರಡು ರಾತ್ರಿ ಓದಿದವರು" ಎಂದು ಬಾಯಿ ಮುಚ್ಚಿಸಿದಳು. ಕೊನೆಗೆ ಒಂದು ಸಂಜೆ ಅವ್ವನೇ 'ಬೆಟ್ಟದ ಜೀವ'ವನ್ನು ಮೊಮ್ಮಗಳ ಮುಂದೆ ಇಟ್ಟು, "ಇದರಾಗ ಕಾಡು ಅದ, ಹುಲಿ ಅದಾವಂತ. ನಾ ಮುಟ್ಟಂಗಿಲ್ಲ, ಆಣೀ ಮಾಡ್ತೀನಿ" ಎಂದಳು.

ಆಣೆಯ ಮೇಲೆ ಹುಡುಗಿಗೆ ನಂಬಿಕೆಯಿಲ್ಲ. ಪ್ರತಿರಾತ್ರಿ ಓದಿಯಾದ ಮೇಲೆ ಪುಸ್ತಕವನ್ನು ಶಾಲೆಯ ಚೀಲಕ್ಕೆ ಹಾಕಿಕೊಂಡು, ಬೆಳಿಗ್ಗೆ ಜೊತೆಯಲ್ಲೇ ಒಯ್ಯುತ್ತಾಳೆ. ನಾನು ರೈಲಿನಲ್ಲಿ ಓದುತ್ತಿದ್ದುದು ಅರ್ಧಕ್ಕೆ ನಿಂತಿದೆ. ಸಂಜೆ ಮನೆಗೆ ಬರುತ್ತಲೇ ಅವ್ವ, "ಹಗಲೆಲ್ಲ ಕಣ್ಣು ಇಟಗೊಂಡು ಏನ್ ಮಾಡ್ಲೋ, ನಿನ್ನ ಮಗಳು ಪುಸ್ತಕನ ಬಿಟ್ಟು ಹೋಗಂಗಿಲ್ಲ" ಎಂದು ದೂರುತ್ತಾಳೆ. ಭಾವಮೈದುನನಿಗೆ ಹೇಳಿಕಳಿಸಿದ್ದೇನೆ: ಈ ಸಲ ಏನು ತಂದರೂ ಎರಡೆರಡು ಪ್ರತಿ ತರಬೇಕು, ಹಿಟ್ಟಿನ ಚೀಲದಲ್ಲಿ ಮಾತ್ರ ಹಾಕಬಾರದು.